ತುಪ್ಪ ತಿನ್ನಿಸುವ ಮುಂಚೆ ಒಂದು ರಕ್ತ ಪರೀಕ್ಷೆ: ಆರೋಗ್ಯ ಇಲಾಖೆಯ ಆಯುಕ್ತರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಇಲಾಖೆ, ಬೆಂಗಳೂರು

ಪ್ರತಿ: ಮಾನ್ಯ ನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಬೆಂಗಳೂರು

ವಿಷಯ: ಮೈಯಲ್ಲಿ ಕೊಬ್ಬಿಲ್ಲದೆ ಹುಟ್ಟುವ ಮಕ್ಕಳನ್ನು ಅಪೌಷ್ಟಿಕ ಮಕ್ಕಳೆಂದು ತಿಳಿದು ಕೊಡುತ್ತಿರುವ ಆಹಾರದ ಬಗ್ಗೆ

ಮಾನ್ಯರೇ,

ನಾನು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಡೇರಿಯಲ್ಲಿ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಹಾಲು ಅಳೆದು, ಫ್ಯಾಟ್ ನೋಡಿ, ಲೆಕ್ಕ ಬರೆಯುವುದು ನನ್ನ ಕೆಲಸ. ಡಾಕ್ಟರಿಕೆ ಓದಿದವಳಲ್ಲ. ನನ್ನ ತಂಗಿಯ ಮಗಳಿಗೆ ಬಂದ ಕಾಯಿಲೆಯಿಂದಾಗಿ ಕೊಬ್ಬು, ಇನ್ಸುಲಿನ್, ಲಿವರ್ ಅಂತ ಡಾಕ್ಟರುಗಳು ಹೇಳಿದ್ದನ್ನೆಲ್ಲ ಕೇಳಿ, ಮತ್ತೆ ಕೇಳಿ, ಬರೆದಿಟ್ಟುಕೊಂಡು ಕಲಿತಿದ್ದೇನೆ. ಆ ಕಲಿಕೆಯಿಂದ ನಿಮ್ಮ ಮುಂದೆ ಇಡುವ ಬೇಡಿಕೆ ಮುಖ್ಯವಾಗಿ ಒಂದೇ. ಸೊರಗಿದಂತೆ ಕಾಣುವ ಕೂಸಿಗೆ ಎಣ್ಣೆ, ತುಪ್ಪ, ಕೆನೆಹಾಲು ತಿನ್ನಿಸಲು ಶುರುಮಾಡುವ ಮುಂಚೆ ಅದರ ಮೈ ಸರಿಯಾಗಿ ನೋಡಿ. ಅನುಮಾನ ಬಂದರೆ ಒಂದು ರಕ್ತ ಪರೀಕ್ಷೆ ಮಾಡಿಸಿ. ಈ ಎರಡನ್ನೂ ಕಡ್ಡಾಯ ಮಾಡಿ ಸುತ್ತೋಲೆ ಹೊರಡಿಸಿ.

ಮೊದಲು ಕಾಯಿಲೆ ಏನು ಅಂತ ಹೇಳುತ್ತೇನೆ. ನಿಮಗೆ ಗೊತ್ತಿರುತ್ತದೆ. ಆದರೆ ಈ ಪತ್ರ ಓದುವ ಅಂಗನವಾಡಿ ಟೀಚರಿಗೆ, ಆಶಾ ಅಕ್ಕನಿಗೆ ಗೊತ್ತಿರಲಿ ಅಂತ.

ಕಂಜೆನಿಟಲ್ ಜನರಲೈಸ್ಡ್ ಲಿಪೊಡಿಸ್ಟ್ರೊಫಿ ಎನ್ನುವುದು ಹುಟ್ಟಿನಿಂದಲೇ ಮೈಯಲ್ಲಿ ಕೊಬ್ಬು ಇಲ್ಲದಿರುವ ಕಾಯಿಲೆ. ಬ್ರೆಜಿಲ್‌ನ ಬೆರಾರ್ಡಿನೆಲ್ಲಿ 1954ರಲ್ಲಿ, ನಾರ್ವೆಯ ಸೈಪ್ 1959ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. ಹಾಗಾಗಿ ಅವರಿಬ್ಬರ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ನಾವು ತಿಂದ ಎಣ್ಣೆ, ತುಪ್ಪ, ಹಾಲಿನ ಕೊಬ್ಬು ಚರ್ಮದ ಕೆಳಗಿನ ಕೊಬ್ಬಿನ ಕೋಶಗಳಲ್ಲಿ ಸೇರಿಕೊಳ್ಳಬೇಕು. ಈ ಮಕ್ಕಳಿಗೆ ಆ ಜಾಗವೇ ಇಲ್ಲ. ಕೊಬ್ಬು ರಕ್ತದಲ್ಲೇ ಸುತ್ತುತ್ತದೆ. ಕೊನೆಗೆ ಲಿವರ್‌ನಲ್ಲಿ, ಮಾಂಸಖಂಡಗಳಲ್ಲಿ ಹೋಗಿ ತುಂಬಿಕೊಳ್ಳುತ್ತದೆ. ಹಾಗೆ ತುಂಬಿಕೊಂಡ ಮೇಲೆ, ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಅವಕ್ಕೆ ನಾಟುವುದಿಲ್ಲ. ಮೈ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಅದರ ಗುರುತು ಹೊರಗೇ ಕಾಣುತ್ತದೆ: ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗುತ್ತದೆ. ಮುಂದೆ, ಬಹಳ ಸಲ ಹದಿಹರೆಯ ಮುಗಿಯುವ ಹೊತ್ತಿಗೆ, ಸಕ್ಕರೆ ಕಾಯಿಲೆ ಬರುತ್ತದೆ. ಹೃದಯದ ಗೋಡೆ ದಪ್ಪವಾಗುವುದೂ ಉಂಟು.

ಇನ್ನೊಂದು ಸಂಗತಿ ಇದೆ. ಊಟ ಸಾಕು ಅಂತ ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನ್ ಬರುವುದು ಕೊಬ್ಬಿನ ಕೋಶದಿಂದ. ಅದನ್ನು ಕಂಡುಹಿಡಿದದ್ದೇ 1994ರಲ್ಲಿ. ಕೊಬ್ಬು ಇಲ್ಲದ ಮಗುವಿಗೆ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಆದ್ದರಿಂದ ಎಷ್ಟು ಕುಡಿಸಿದರೂ ಹಸಿವು ತೀರುವುದಿಲ್ಲ. ಕೂಸು ಅಳುತ್ತಲೇ ಇರುತ್ತದೆ.

ಕೆನ್ನೆ ಗುಳಿಬಿದ್ದ, ಸದಾ ಹಸಿವಿನಿಂದ ಅಳುವ ಕೂಸನ್ನು ನಮ್ಮ ಕಡೆ ಯಾರಿಗೆ ತೋರಿಸಿದರೂ ಏನು ಹೇಳುತ್ತಾರೆ? ತಾಯಿಗೆ ಹಾಲು ಸಾಲುತ್ತಿಲ್ಲ, ಮಗುವಿಗೆ ಸರಿಯಾಗಿ ಹಾಕುತ್ತಿಲ್ಲ ಅಂತಲೇ ಅಲ್ವಾ? ನಮಗೂ ಅದನ್ನೇ ಹೇಳಿದರು.

ನನ್ನ ತಂಗಿಯ ಮಗು ಹುಟ್ಟಿದಾಗ ತೂಕ ಸರಿಯಾಗಿಯೇ ಇತ್ತು. ಎರಡು ಮೂರು ತಿಂಗಳಿಗೆ ಮುಖ ವಯಸ್ಸಾದವರ ಮುಖದಂತೆ ಒಣಗಿತು. ಕೈಕಾಲಿನಲ್ಲಿ ನರಗಳು ಎದ್ದು ಕಾಣುತ್ತಿದ್ದವು. ಹೊಟ್ಟೆ ಮಾತ್ರ ದೊಡ್ಡದು, ಹೊಕ್ಕುಳು ಮುಂದೆ ಬಂದಿತ್ತು. ಬಾಲಗ್ರಹ ಅಂದವರುಂಟು, ತಾಯತ ಕಟ್ಟಿದವರುಂಟು. ಅವರ ಮೇಲೆ ನನಗೆ ಸಿಟ್ಟಿಲ್ಲ, ತಾಯತದಿಂದ ಮಗುವಿಗೆ ಕೆಡುಕಂತೂ ಆಗಲಿಲ್ಲ. ಕೆಡುಕಾದದ್ದು ಆಮೇಲೆ.

ಆರು ತಿಂಗಳು ದಾಟಿದ ಮೇಲೆ ಅಪೌಷ್ಟಿಕ ಮಕ್ಕಳ ಪಟ್ಟಿಗೆ ಹೆಸರು ಸೇರಿತು. ಅಲ್ಲಿಂದ ಒಂದು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ, ಅಂದರೆ ನಾವೆಲ್ಲ ಎನ್‌ಆರ್‌ಸಿ ಅನ್ನುವ ವಾರ್ಡಿಗೆ ಸೇರಿಸಿಕೊಂಡರು. ಯಾವ ಕೇಂದ್ರ ಅಂತ ಬರೆಯುವುದಿಲ್ಲ. ಅಲ್ಲಿನ ನರ್ಸ್‌ಗಳು ನಿಜಕ್ಕೂ ಪ್ರೀತಿಯಿಂದ ನೋಡಿಕೊಂಡರು. ಹಾಲು, ಸಕ್ಕರೆ, ಎಣ್ಣೆ ಸೇರಿಸಿದ ಆಹಾರವನ್ನು ಗಂಟೆ ನೋಡಿಕೊಂಡು ಕುಡಿಸಿದರು. ನಿಜವಾಗಿ ಹಸಿದು ಸೊರಗಿದ ಮಗುವಿಗೆ ಅದು ಜೀವ ಉಳಿಸುವ ಆಹಾರ. ಎಫ್-100 ಅನ್ನುವ ಆ ಹಾಲಿನಲ್ಲಿ 100 ಎಂಎಲ್‌ಗೆ 100 ಕ್ಯಾಲರಿ, ಅದರಲ್ಲಿ ಅರ್ಧದಷ್ಟು ಕೊಬ್ಬಿನಿಂದಲೇ ಬರುವುದು. ನಮ್ಮ ಮಗು ಅದನ್ನು ಗಟಗಟ ಕುಡಿಯಿತು. ತೂಕ ಏರಿತು. ಚಾರ್ಟಿನಲ್ಲಿ ಗೆರೆ ಮೇಲೆ ಹೋಯಿತು, ಎಲ್ಲರಿಗೂ ಖುಷಿ. ಮನೆಗೆ ಕಳಿಸುವಾಗ ಅನ್ನ ಬೇಳೆಗೆ ಎರಡೆರಡು ಚಮಚ ತುಪ್ಪ ಹಾಕಿ, ಹಸುವಿನ ಗಟ್ಟಿ ಹಾಲು ಕೊಡಿ ಎಂದು ಹೇಳಿ ಕಳಿಸಿದರು. ಡೇರಿ ಮನೆಯಲ್ಲಿ ಹಾಲು ತುಪ್ಪಕ್ಕೇನು ಬರ?

ಹೊಟ್ಟೆ ಇನ್ನೂ ಊದಿತು. ಮೊಣಕೈ, ತೊಡೆಯ ಮೇಲೆ ಹಳದಿ ಬಣ್ಣದ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಒಂದು ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಸಂಜೆ ಲ್ಯಾಬಿನಿಂದ ಬಂದ ಮಾತು: ಸ್ಯಾಂಪಲ್ ಸರಿ ಇಲ್ಲ, ಇನ್ನೊಂದು ಕೊಡಿ. ಇನ್ನೊಂದು ಕೊಟ್ಟೆವು. ಅದೂ ಸರಿ ಇಲ್ಲ. ಹಾಲು ಕುಡಿಸಿಕೊಂಡು ಬಂದಿದ್ದೀರಿ, ಅದಕ್ಕೇ ಹೀಗೆ ಅಂತ ಬೈಸಿಕೊಂಡೆವು.

ಇಲ್ಲಿ ಸ್ವಲ್ಪ ನಿಲ್ಲಿ ಸ್ವಾಮಿ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು. ರಕ್ತವನ್ನು ಮೆಷಿನ್ನಿನಲ್ಲಿ ತಿರುಗಿಸಿದರೆ ಕೆಂಪು ಕೆಳಗೆ ಕೂತು ಮೇಲೆ ತಿಳಿ ಹಳದಿ ನೀರು ನಿಲ್ಲಬೇಕು. ನಮ್ಮ ಮಗುವಿನ ರಕ್ತದಲ್ಲಿ ಮೇಲೆ ನಿಂತದ್ದು ಹಾಲಿನಂತೆ ಬಿಳಿ. ದಿನವೂ ಹಾಲು ನೋಡುವ ನಾನು ಆ ಟ್ಯೂಬನ್ನು ನೋಡಿದ್ದರೆ ಇದರಲ್ಲಿ ಫ್ಯಾಟ್ ಎಷ್ಟಿದೆ ಅಂತ ಕೇಳುತ್ತಿದ್ದೆ. ಲ್ಯಾಬಿನವರು ಅದನ್ನು ಹಾಳಾದ ಸ್ಯಾಂಪಲ್ ಅಂತ ಚೆಲ್ಲಿದರು. ಕಾಯಿಲೆಯ ಗುರುತೇ ಆ ಟ್ಯೂಬಿನಲ್ಲಿತ್ತು. ವಾರ್ಡಿನ ಡಾಕ್ಟರಿಗೆ ಅದು ಬೆಳ್ಳಗಿತ್ತು ಎಂಬ ಮಾತು ತಲುಪಲೇ ಇಲ್ಲ. ಅವರಿಗೆ ಹೋದ ಚೀಟಿಯಲ್ಲಿ ಇದ್ದದ್ದು ರಿಪೀಟ್ ಎಂಬ ಒಂದೇ ಪದ. ಅಷ್ಟು ದಿನವೂ ಮನೆಯಲ್ಲಿ ತುಪ್ಪ ನಡೆದೇ ಇತ್ತು.

ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಗುವನ್ನು ಬೋರಲು ಮಲಗಿಸಿ ಕತ್ತಿನ ಹಿಂದೆ ನೋಡಿದರು. ಕಂಕುಳು ನೋಡಿದರು. ಮೀನಖಂಡ ಹಿಡಿದು ನೋಡಿದರು. ಇದು ಹಸಿವಿನ ಮಗು ಅಲ್ಲ, ಹಸಿವಿನ ಮಗುವಿಗೆ ಇಂಥ ಗಟ್ಟಿ ಮಾಂಸಖಂಡ ಇರುವುದಿಲ್ಲ ಎಂದರು. ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾದವರಾ ಎಂದು ಕೇಳಿದರು. ರಕ್ತದಲ್ಲಿ ಕೊಬ್ಬು ಎಷ್ಟಿದೆ ಅಂತ ಹೇಳುವ ಟ್ರೈಗ್ಲಿಸರೈಡ್ ಪರೀಕ್ಷೆ ಬರೆದುಕೊಟ್ಟರು. 150 ದಾಟಿದರೆ ದೊಡ್ಡವರಿಗೇ ಜಾಸ್ತಿ ಅನ್ನುವ ಆ ಅಂಕಿ ನಮ್ಮ ಕೂಸಿಗೆ 1,000 ದಾಟಿತ್ತು. ಹೀಗೇ ಬಿಟ್ಟರೆ ಪ್ಯಾಂಕ್ರಿಯಾಸ್ ಊದಿಕೊಂಡು ಜೀವಕ್ಕೇ ಅಪಾಯ ಎಂದರು. ಆ ಕ್ಷಣದಿಂದ ತುಪ್ಪ ಬಂದ್. ಕೊಬ್ಬು ಕಮ್ಮಿ ಇರುವ ಆಹಾರ, ಎಂಸಿಟಿ ಎನ್ನುವ ಬೇರೆ ಬಗೆಯ ಕೊಬ್ಬು ಇರುವ ಹಾಲಿನ ಪುಡಿ ಬರೆದುಕೊಟ್ಟರು. ಆ ಬಗೆಯ ಕೊಬ್ಬು ಮಾಮೂಲಿ ಕೊಬ್ಬಿನಂತೆ ರಕ್ತದಲ್ಲಿ ತೇಲಾಡದೆ ಕರುಳಿನಿಂದ ನೇರ ಲಿವರಿಗೆ ಹೋಗಿ ಕರಗುತ್ತದಂತೆ. ಕೆಲವೇ ವಾರಗಳಲ್ಲಿ ಅಂಕಿ ಇಳಿಯಿತು, ಗುಳ್ಳೆ ಬಾಡಿತು. ಮಗು ಈಗ ನಡೆಯುತ್ತಾಳೆ. ವಾರಿಗೆಯ ಮಕ್ಕಳಿಗಿಂತ ಉದ್ದ ಇದ್ದಾಳೆ. ಅದೂ ಈ ಕಾಯಿಲೆಯ ಲಕ್ಷಣವೇ ಅಂತೆ.

ಅಂದರೆ ಅಳತೆ ಪಟ್ಟಿಯಲ್ಲೇ ಸುಳಿವು ಇತ್ತು. ಊಟ ಸಾಲದ ಮಗು ಉದ್ದದಲ್ಲಿ ಹಿಂದೆ ಬೀಳುತ್ತದೆ. ಅದರ ಚರ್ಮ ಸಡಿಲವಾಗಿ ಮಡಿಕೆ ಬೀಳುತ್ತದೆ, ಮಾಂಸವೂ ಕರಗಿರುತ್ತದೆ. ಲಿಪೊಡಿಸ್ಟ್ರೊಫಿ ಮಗುವಿನ ಚರ್ಮ ಬಿಗಿಯಾಗಿ ಮಾಂಸಕ್ಕೆ ಅಂಟಿರುತ್ತದೆ, ಉದ್ದ ಮುಂದಿರುತ್ತದೆ. ಕತ್ತು ಕಪ್ಪು, ಲಿವರ್ ದೊಡ್ಡದು. ಇದನ್ನು ನೋಡಲು ಸ್ಕ್ಯಾನಿಂಗ್ ಬೇಡ. ಕಣ್ಣು ಮತ್ತು ಕೈ ಸಾಕು. ತೋಳಿಗೆ ಸುತ್ತುವ ಟೇಪು 11.5 ಸೆಂಟಿಮೀಟರಿಗಿಂತ ಕಮ್ಮಿ ತೋರಿಸಿದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಆದರೆ ಒಳಗೆ ಕರಗಿರುವುದು ಮಾಂಸವೋ, ಹುಟ್ಟಿನಿಂದಲೇ ಇಲ್ಲದಿರುವುದು ಕೊಬ್ಬೋ ಅಂತ ಟೇಪು ಹೇಳುವುದಿಲ್ಲ.

ಮಾನ್ಯರೇ, ನೋಡುವ ಕಣ್ಣುಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಹೆರಿಗೆಯಾದ ಮೊದಲ 42 ದಿನದಲ್ಲಿ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರುತ್ತಾರೆ. ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಮತ್ತೆ ಬರಬೇಕು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರುಗಳ ತಂಡ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ. ಇಷ್ಟು ಜನ ನೋಡಿದರೂ ಯಾರೂ ಕತ್ತು ತಿರುಗಿಸಿ ನೋಡಲಿಲ್ಲ, ಯಾಕೆಂದರೆ ನೋಡಬೇಕು ಅಂತ ಯಾವ ಫಾರಂನಲ್ಲೂ ಅವರಿಗೆ ಕಾಣಿಸಿರಲಿಲ್ಲ. ಆದ್ದರಿಂದ ಎನ್‌ಆರ್‌ಸಿಗೆ ಸೇರಿಸುವ ಫಾರಂನಲ್ಲಿ ನಾಲ್ಕು ಸಾಲು ಸೇರಿಸಿ: ಚರ್ಮ ಸಡಿಲವಾಗಿರದೆ ಬಿಗಿಯಾಗಿದೆಯೋ, ಮಾಂಸಖಂಡ ಎದ್ದು ಕಾಣುತ್ತದೋ, ಕತ್ತು ಕಂಕುಳು ಕಪ್ಪೋ, ಲಿವರ್ ಕೈಗೆ ಸಿಗುತ್ತದೋ. ಒಂದಕ್ಕೆ ಹೌದು ಎಂದು ಬಂದರೂ ಎಣ್ಣೆ ಹಾಕಿದ ಆಹಾರ ಶುರುಮಾಡುವ ಮುಂಚೆ ಟ್ರೈಗ್ಲಿಸರೈಡ್, ಸಕ್ಕರೆ ಎರಡೂ ನೋಡಲಿ. ಇವು ದೊಡ್ಡವರಿಗೆ ದಿನವೂ ಮಾಡುವ ಪರೀಕ್ಷೆಗಳೇ. ಸುಮ್ನೆ ಯಾವ ಮಗುವಿಗೂ ಆಹಾರ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಹಸಿದ ಮಗುವಿಗೆ ಒಂದು ದಿನವೂ ತಡವಾಗಬಾರದು. ಎದೆಹಾಲನ್ನಂತೂ ಡಾಕ್ಟರು ಹೇಳದೆ ಯಾರೂ ಬಿಡಿಸಬಾರದು.

ಲ್ಯಾಬುಗಳಿಗೆ ಬೇರೆಯೇ ಆದೇಶ ಬೇಕು. ಮಗುವಿನ ರಕ್ತದ ಸ್ಯಾಂಪಲ್ ಬೆಳ್ಳಗೆ ಬಂದರೆ ಚೆಲ್ಲಬಾರದು. ಸೀರಂ, ಅಂದರೆ ಮೇಲೆ ನಿಲ್ಲುವ ಆ ನೀರು, ಬೆಳ್ಳಗಿತ್ತು ಎಂದು ರಿಪೋರ್ಟಿನಲ್ಲೇ ಬರೆಯಬೇಕು, ಆವತ್ತೇ ಡಾಕ್ಟರಿಗೆ ಫೋನು ಮಾಡಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇಷ್ಟು ಅಪರೂಪದ ಕಾಯಿಲೆಗೆ ಎಲ್ಲ ಕಡೆ ಸುತ್ತೋಲೆ ಯಾಕೆ ಅಂತ ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ಒಂದು ಕೋಟಿ ಜನಕ್ಕೆ ಒಬ್ಬರಿಗೆ ಎಂಬ ಅಂದಾಜು ಪುಸ್ತಕಗಳಲ್ಲಿ ಇರುವುದು ನಿಜ. ಆದರೆ ಆ ಲೆಕ್ಕ ಎಲ್ಲ ಕಡೆಗೂ ಒಂದೇ ಅಲ್ಲ. ಬ್ರೆಜಿಲ್‌ನ ಈಶಾನ್ಯದ ರಿಯೊ ಗ್ರಾಂಡೆ ಡೊ ನಾರ್ಟೆ ಎಂಬ ರಾಜ್ಯದಲ್ಲಿ ಸಂಬಂಧದ ಮದುವೆಗಳಿಂದಾಗಿ ಇಂಥವರು ತುಂಬಾ ಜಾಸ್ತಿ ಸಿಕ್ಕಿದ್ದಾರೆ. ಸೋದರಮಾವ, ಅತ್ತೆ ಮಗ, ಮಾವನ ಮಗಳು ಅಂತ ಮದುವೆ ಮಾಡುವುದು ನಮ್ಮ ಕಡೆಯೂ ಕಮ್ಮಿ ಇಲ್ಲವಲ್ಲ. ಅದೂ ಅಲ್ಲದೆ ಆ ನಾಲ್ಕು ಪ್ರಶ್ನೆ, ಎರಡು ಪರೀಕ್ಷೆಯಿಂದ ಸಿಕ್ಕಿಬೀಳುವುದು ಇದೊಂದೇ ಕಾಯಿಲೆ ಅಲ್ಲ. ಕೊಬ್ಬು ಕರಗಿಸುವ ಕಿಣ್ವ ಇಲ್ಲದೆ ರಕ್ತ ಬೆಳ್ಳಗಾಗುವ ಕೂಸುಗಳಿವೆ. ಲಿವರ್‌ನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತುಂಬಿ ಹೊಟ್ಟೆ ಊದುವ ಕೂಸುಗಳಿವೆ. ಕೆನಡಾದ ಡೊನೊಹ್ಯೂ 1948ರಲ್ಲಿ ವಿವರಿಸಿದ ಕಾಯಿಲೆಯ ಕೂಸುಗಳಂತೂ ಹುಟ್ಟುವಾಗಲೇ ತೀರಾ ಸಣ್ಣಗಿರುತ್ತವೆ. ಅವಕ್ಕೆ ಇನ್ಸುಲಿನ್ ಹಿಡಿದುಕೊಳ್ಳುವ ರಿಸೆಪ್ಟರೇ ಕೆಟ್ಟಿರುತ್ತದೆ. ಹಸಿದಾಗ ಸಕ್ಕರೆ ದಿಢೀರನೆ ಇಳಿಯುತ್ತದೆ, ಹಾಲು ಕುಡಿದ ಮೇಲೆ ಏರುತ್ತದೆ. ಹೆಚ್ಚಿನವು ಎರಡು ವರ್ಷ ದಾಟುವುದಿಲ್ಲ. ಇವೆಲ್ಲವೂ ಹಳ್ಳಿಯಲ್ಲಿ ಸೊರಗಿದ ಮಗು ಎಂಬ ಒಂದೇ ಲೆಕ್ಕಕ್ಕೆ ಹೋಗುತ್ತವೆ. ಎಷ್ಟು ಮಕ್ಕಳು ಹಾಗೆ ಹೋಗಿದ್ದಾರೋ, ಎಣಿಸಿದವರು ಯಾರು?

ಮದುವೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನನ್ನ ತಂಗಿಯನ್ನು ನಮ್ಮ ಸೋದರಮಾವನಿಗೇ ಕೊಟ್ಟಿದ್ದೇವೆ. ಮಗುವಿಗೆ ಹೀಗೆ ಅಂತ ಗೊತ್ತಾದಾಗ ಊರಿನಲ್ಲಿ ಹೆಣ್ಣಿನ ಕಡೆಯ ದೋಷ ಎಂದರು. ಅವಳ ಅತ್ತೆ ಅಂದರೆ ನಮ್ಮ ಅಮ್ಮನ ಅಮ್ಮ. ಇದರಲ್ಲಿ ಹೆಣ್ಣಿನ ಕಡೆ ಯಾವುದು, ಗಂಡಿನ ಕಡೆ ಯಾವುದು? ಡಾಕ್ಟರು ಬಿಡಿಸಿ ಹೇಳಿದರು. ಕೆಟ್ಟ ಜೀನ್‌ನ ಒಂದು ಪ್ರತಿ ತಾಯಿಯಿಂದ, ಒಂದು ಪ್ರತಿ ತಂದೆಯಿಂದ, ಎರಡೂ ಕೂಡಿದರೆ ಮಾತ್ರ ಕಾಯಿಲೆ. ಒಂದೇ ಪ್ರತಿ ಇರುವ ಅಪ್ಪ ಅಮ್ಮ ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಈ ಮಾತನ್ನು ಡಾಕ್ಟರ ಬಾಯಿಂದ ಮನೆಯ ಗಂಡಸರು, ಹಿರಿಯರು ಕೂತು ಕೇಳಬೇಕು. ತಂಗಿಯೊಬ್ಬಳನ್ನೇ ಕೂರಿಸಿ ಹೇಳಿದರೆ ಮನೆಯಲ್ಲಿ ಅವಳ ಮಾತು ನಡೆಯುವುದಿಲ್ಲ. ಎಜಿಪಿಎಟಿ2, ಬಿಎಸ್‌ಸಿಎಲ್2 ಎಂಬ ಎರಡು ಜೀನ್‌ಗಳಲ್ಲೇ ಹೆಚ್ಚಿನವರ ತಪ್ಪು ಸಿಗುತ್ತದೆ. ಅದು ಮೊದಲೇ ಗೊತ್ತಿದ್ದರೆ ಮುಂದಿನ ಬಸುರಿನಲ್ಲಿ ಮೂರು ತಿಂಗಳ ಹೊತ್ತಿಗೇ ಪರೀಕ್ಷೆ ಮಾಡಿಸಬಹುದು. ಆ ಜೀನ್ ಪರೀಕ್ಷೆಗೆ, ಓಡಾಟಕ್ಕೆ ತಂಗಿ ಮನೆಯವರು ಕರೆಯುವ ಹಸು ಮಾರಿದರು. ಜಿಲ್ಲಾ ಮಟ್ಟದಲ್ಲಿ ತಿಂಗಳಿಗೊಂದು ದಿನವಾದರೂ ಜೆನೆಟಿಕ್ ಸಲಹೆ ಸಿಗುವಂತೆ ಮಾಡಿ. ಬೆಂಗಳೂರಿನ ಡಾಕ್ಟರು ವಿಡಿಯೋದಲ್ಲಿ ಬಂದರೂ ಸಾಕು.

ದುಡ್ಡಿನ ವಿಷಯ. ಕೇಂದ್ರ ಸರ್ಕಾರ 2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿದೆ. 2022ರಲ್ಲಿ ನೆರವಿನ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷದವರೆಗೆ ಏರಿಸಿದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಇದಕ್ಕೆ ಕೇಂದ್ರವಾಗಿವೆ. ಇದು ನಮ್ಮ ತಾಲ್ಲೂಕಿನ ಎಷ್ಟು ಜನಕ್ಕೆ ಗೊತ್ತು? ಲಿಪೊಡಿಸ್ಟ್ರೊಫಿ ಇರುವ, ಇನ್ಸುಲಿನ್ ನಾಟದ ಮಕ್ಕಳಿಗೂ ಈ ನೆರವು ತಲುಪುವಂತೆ ರಾಜ್ಯದ ಕಡೆಯಿಂದ ದಿಲ್ಲಿಗೆ ಬರೆಯಿರಿ. ಲೆಪ್ಟಿನ್‌ನಂತೆಯೇ ಕೆಲಸ ಮಾಡುವ ಮೆಟ್ರೆಲೆಪ್ಟಿನ್ ಎಂಬ ಇಂಜೆಕ್ಷನ್‌ಗೆ ಜಪಾನ್ 2013ರಲ್ಲಿ, ಅಮೆರಿಕ 2014ರಲ್ಲಿ, ಯುರೋಪ್ 2018ರಲ್ಲಿ ಅನುಮತಿ ಕೊಟ್ಟಿವೆ. ದಿನವೂ ಚುಚ್ಚಬೇಕು, ಬೆಲೆ ನಮ್ಮಂಥವರ ಊಹೆಗೂ ಮೀರಿದ್ದು. ನಾಳೆಯೇ ಅದನ್ನು ತರಿಸಿಕೊಡಿ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಆದರೆ ಎಂಸಿಟಿ ಪುಡಿ, ಕೆಲವು ತಿಂಗಳಿಗೊಮ್ಮೆ ಮಾಡಿಸುವ ರಕ್ತ ಪರೀಕ್ಷೆ, ವರ್ಷಕ್ಕೊಮ್ಮೆ ಹೃದಯದ ಎಕೋ, ಬೆಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜು, ಇಷ್ಟನ್ನು ರಾಜ್ಯ ಸರ್ಕಾರವೇ ಕೊಡಬಹುದಲ್ವಾ? ಈಗ ಈ ಮಗುವನ್ನು ಕಾಪಾಡುತ್ತಿರುವುದು ಈ ಸಣ್ಣ ಖರ್ಚುಗಳೇ.

ಮಹಿಳಾ ಮತ್ತು ಮಕ್ಕಳ ಇಲಾಖೆಯ ನಿರ್ದೇಶಕರಿಗೂ ಒಂದು ಮಾತು. 2013ರಿಂದ ಕ್ಷೀರಭಾಗ್ಯದಲ್ಲಿ ಮಕ್ಕಳಿಗೆ ಕೆನೆಭರಿತ ಹಾಲು ಕೊಡುತ್ತಿದ್ದೀರಿ. ಆ ಯೋಜನೆಯಿಂದ ನಮ್ಮಂಥ ಡೇರಿಗಳಿಗೂ ಅನ್ನ ಸಿಕ್ಕಿದೆ, ಅದರ ಬಗ್ಗೆ ನನಗೆ ಹೆಮ್ಮೆಯೇ. ಈ ಮಗು ಇನ್ನೇನು ಅಂಗನವಾಡಿಗೆ ಹೋಗಿ ಕೂರುತ್ತಾಳೆ. ಎಲ್ಲರಿಗೂ ಲೋಟ ಕೊಟ್ಟು ಇವಳಿಗೆ ಮಾತ್ರ ಬೇಡ ಅಂದರೆ, ಹಸಿವು ಆರದ ಆ ಮಗು ಏನು ಮಾಡೀತು? ಪಕ್ಕದವರ ಲೋಟಕ್ಕೆ ಕೈ ಹಾಕುತ್ತಾಳೆ, ಕಳ್ಳಿ ಅನ್ನಿಸಿಕೊಳ್ಳುತ್ತಾಳೆ. ಕೆನೆ ತೆಗೆದ ಹಾಲಿನ ಪುಡಿಯನ್ನು ಕೆಎಂಎಫ್‌ನವರೇ ಮಾಡುತ್ತಾರೆ. ಡಾಕ್ಟರು ಬರೆದುಕೊಟ್ಟ ಮಗುವಿಗೆ ಡಾಕ್ಟರು ಹೇಳಿದ ಹಾಲು, ಹೇಳಿದ ಊಟ ಕೊಡಲು ಅಂಗನವಾಡಿ ಟೀಚರಿಗೆ ಅಧಿಕಾರ ಕೊಡಿ. ಈಗ ಅವರು ಸ್ಟಾಕ್ ಬುಕ್ಕಿಗೆ ಹೆದರಿ ಏನೂ ಬದಲಾಯಿಸುವುದಿಲ್ಲ. ತಪ್ಪು ಅವರದಲ್ಲ.

ಈ ಪತ್ರಕ್ಕೆ ಪರಿಶೀಲಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಬೇಡ. ಫಾರಂನಲ್ಲಿ ಆ ನಾಲ್ಕು ಸಾಲು ಸೇರುತ್ತವೋ ಇಲ್ಲವೋ, ಲ್ಯಾಬುಗಳಿಗೆ ಆದೇಶ ಹೋಗುತ್ತದೋ ಇಲ್ಲವೋ, ಇವೆರಡಕ್ಕೆ ಬರಹದಲ್ಲಿ ಉತ್ತರ ಕೊಡಿ. ಆಗುವುದಿಲ್ಲ ಎಂದರೆ ಯಾಕೆ ಅಂತಲೂ ತಿಳಿಸಿ. ನಮ್ಮ ತಾಲ್ಲೂಕಿನ ಆಶಾ, ಅಂಗನವಾಡಿಯವರಿಗೆ ತರಬೇತಿ ಇಡುವುದಾದರೆ ಸಂಘದ ಕಟ್ಟಡವನ್ನು ಬಾಡಿಗೆ ಇಲ್ಲದೆ ಬಿಟ್ಟುಕೊಡುತ್ತೇವೆ. ಇದಕ್ಕೆ ನಮ್ಮ ಆಡಳಿತ ಮಂಡಳಿ ಒಪ್ಪಿದೆ. ಮಗುವಿನ ರಿಪೋರ್ಟುಗಳನ್ನು ತೋರಿಸಲು ತಂಗಿಯೂ ಒಪ್ಪಿದ್ದಾಳೆ. ಸುತ್ತೋಲೆ ಹೊರಟರೆ ಒಂದು ಪ್ರತಿಯನ್ನು ನಮ್ಮ ಡೇರಿಗೂ ಕಳಿಸಿ. ನೋಟಿಸ್ ಬೋರ್ಡಿಗೆ ಹಾಕುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,

ಮಗುವಿನ ದೊಡ್ಡಮ್ಮ,
ಕಾರ್ಯದರ್ಶಿ, ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ,
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ